ಮಾತೂ ತನ್ನದು, ಮಟ್ಟೂ ತನ್ನದು

ಬಾನುಲಿಯಲ್ಲಿ ಸುಗಮ ಸಂಗೀತವನ್ನು ಕೇಳುವ ಮನೆಯವರಿಗೆಲ್ಲ ಒಂದು ಪದ್ಧತಿ ಚೆನ್ನಾಗಿ ಗೊತ್ತು. ಹಾಡು ತೊಡಗುವ ಮುನ್ನ ಉದ್ಘೋಷಕರು ಮೂರು ಹೆಸರುಗಳನ್ನು ಹೇಳುತ್ತಾರೆ: ರಚನೆ ಇಂಥವರದು, ರಾಗಸಂಯೋಜನೆ ಇಂಥವರದು, ಹಾಡುವವರು ಇಂಥವರು. ಕೇಳಿ ಕೇಳಿ ಅಭ್ಯಾಸವಾಗಿರುವುದರಿಂದ ನಾವು ಅದರ ಕಡೆ ಗಮನವನ್ನೇ ಕೊಡುವುದಿಲ್ಲ. ಆ ಹೊತ್ತಿಗೆ ಒಲೆಯ ಮೇಲಿನ ಹಾಲನ್ನೋ ಮಕ್ಕಳ ಪುಸ್ತಕದ ಚೀಲವನ್ನೋ ನೋಡುತ್ತಿರುತ್ತೇವೆ. ಆದರೆ ಈ ಮೂರು ಹೆಸರುಗಳಲ್ಲಿ ಹಾಡಿನ ದೊಡ್ಡದೊಂದು ಚರಿತ್ರೆಯೇ ಅಡಗಿದೆ. ಹಾಡು ಒಂದು, ಒಡೆಯರು ಮೂವರು ಎಂಬ ಏರ್ಪಾಡು ಎಂದಿನಿಂದಲೂ ಇದ್ದದ್ದಲ್ಲ. ಈಗ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ನಮ್ಮ ತರುಣರಲ್ಲಿ ಕೆಲವರು ಆ ಮೂರು ಹೆಸರಿನ ಜಾಗದಲ್ಲಿ ತಮ್ಮದೊಂದೇ ಹೆಸರನ್ನು ಇಟ್ಟು ಹಾಡತೊಡಗಿದ್ದಾರೆ. ಪತ್ರಿಕೆಗಳು ಇವರನ್ನು ‘ಇಂಡಿ’ ಗಾಯಕರೆಂದು ಕರೆಯುತ್ತವೆ. ‘ಇಂಡಿಪೆಂಡೆಂಟ್’ ಎಂಬ ಮಾತಿನ ಮೊಟಕು ರೂಪ ಅದು. ಸ್ವತಂತ್ರ ಎಂದು ಅದರ ಅರ್ಥ. ಈ ಸ್ವತಂತ್ರ ಗಾಯಕ ಎಲ್ಲಿಂದ ಬಂದ, ಹೇಗೆ ಮೇಲಕ್ಕೆ ಬಂದ, ಅವನಿಗೆ ಯಾವುದು ಒದಗಿತು, ಯಾವುದು ಇನ್ನೂ ಒದಗಬೇಕಾಗಿದೆ ಎಂಬುದನ್ನು ವಾಚಕರೊಡನೆ ಕುಳಿತು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಹೊಸದೆಂದು ನಾವು ತಿಳಿದಿರುವ ಈ ಮನುಷ್ಯನಿಗೆ ನಮ್ಮ ಶಾಸ್ತ್ರಕಾರರು ಏಳುನೂರು ಎಂಟುನೂರು ವರ್ಷಗಳ ಹಿಂದೆಯೇ ನಾಮಕರಣ ಮಾಡಿದ್ದಾರೆ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವೆಂಬ ಗ್ರಂಥವನ್ನು ಬರೆದನು. ಅದರಲ್ಲಿ ಹಾಡಿನ ಸಾಹಿತ್ಯದ ಭಾಗಕ್ಕೆ ‘ಮಾತು’ ಎಂದೂ ಸಂಗೀತದ ಭಾಗಕ್ಕೆ ‘ಧಾತು’ ಎಂದೂ ಹೆಸರು. ಸಂಸ್ಕೃತದ ಈ ‘ಮಾತು’ ನಮ್ಮ ಕನ್ನಡದ ಮಾತಿನ ಹಾಗೆಯೇ ಕಿವಿಗೆ ಕೇಳಿಸುವುದು ಒಂದು ಸ್ವಾರಸ್ಯ. ವಾಕ್ಕು ಮತ್ತು ಗೇಯ ಎರಡನ್ನೂ ತಾನೇ ಕಟ್ಟಬಲ್ಲವನು ವಾಗ್ಗೇಯಕಾರ. ಎರಡರಲ್ಲೂ ಗಟ್ಟಿಗನಾದವನು ಉತ್ತಮ. ಧಾತು ಬಲವಾಗಿ ಮಾತು ದುರ್ಬಲವಾದವನು ಮಧ್ಯಮ. ಮಾತು ಚೆಲುವಾಗಿದ್ದರೂ ಧಾತು ಮಂದವಾಗಿದ್ದರೆ ಅವನು ಅಧಮ. ಇವರಲ್ಲದೆ ಇನ್ನೊಬ್ಬನಿದ್ದಾನೆ. ಬೇರೆಯವರು ಕಟ್ಟಿಟ್ಟ ಧಾತುವಿಗೆ ತಕ್ಕಂತೆ ಮಾತು ಹೊಂದಿಸಿ ಕೊಡುವವನು. ಅವನಿಗೆ ‘ಕುಟ್ಟಿಕಾರ’ನೆಂದು ಹೆಸರು. ಈ ಕೊನೆಯವನನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಸಿನಿಮಾದ ಪ್ರಸಂಗ ಬಂದಾಗ ಅವನು ಮತ್ತೆ ಕಾಣಿಸಿಕೊಳ್ಳುತ್ತಾನೆ.

ಕನ್ನಡದ ಮಟ್ಟಿಗೆ ಹಾಡುವುದಕ್ಕಾಗಿಯೇ ಕಟ್ಟಿದ ಕಾವ್ಯ ಬಹು ಹಳೆಯದು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಚತ್ತಾಣ, ಬೆದಂಡೆ ಎಂಬ ಬಗೆಗಳನ್ನು ಹೇಳುತ್ತದೆ. ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ಪಾಡುಗಬ್ಬದ ಮಾತು ಬರುತ್ತದೆ. ಅಲ್ಲಿಂದ ಮುಂದೆ ಹರಿದಾಸರ ಕಾಲಕ್ಕೆ ಬಂದರೆ ವಾಗ್ಗೇಯಕಾರನು ಬೀದಿಗೇ ಇಳಿದಿದ್ದಾನೆ. ಹೆಗಲಿಗೆ ತಂಬೂರಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಚಿಪ್ಪಳೆ. ಬಾಯಲ್ಲಿ ತಾನೇ ಕಟ್ಟಿದ ಪದ. ಪದದ ಕೊನೆಯಲ್ಲಿ ಪುರಂದರವಿಠಲ ಎಂದೋ ಕಾಗಿನೆಲೆಯಾದಿಕೇಶವ ಎಂದೋ ಅಂಕಿತ. ಅಂಕಿತವು ದೇವರ ಹೆಸರೆಂಬುದು ನಿಜ. ಆದರೆ ಲೋಕವ್ಯವಹಾರದಲ್ಲಿ ಅದು ಹಾಡಿನ ಒಡೆತನದ ಮುದ್ರೆಯೂ ಆಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಾಸರು ಆ ಪದಗಳನ್ನು ಯಾವ ಮಟ್ಟಿನಲ್ಲಿ ಹಾಡಿದರೋ ಆ ಮಟ್ಟುಗಳು ಬಹುಪಾಲು ನಮಗೆ ಉಳಿದು ಬಂದಿಲ್ಲ. ಇಂದು ನಾವು ಕೇಳುವ ರಾಗಗಳು ಹೆಚ್ಚಾಗಿ ಅನಂತರದ ಗಾಯಕರು ತೊಡಿಸಿದ ಉಡುಪು. ಧಾತು ಕಳೆದುಹೋಯಿತು, ಮಾತು ಉಳಿಯಿತು. ಹಾಡಿನ ಆಯುಸ್ಸು ಎಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಇದೇ ಪರಂಪರೆಯಲ್ಲಿ ನಮಗೆ ಹತ್ತಿರದವರು ಶಿಶುನಾಳ ಶರೀಫರು. 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿ, ಕೆಲಕಾಲ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, 1889ರಲ್ಲಿ ಕಾಲವಾದರು. ಅವರ ತತ್ವಪದಗಳಲ್ಲಿ ವೇದಾಂತವು ಪೀಠದ ಮೇಲೆ ಕೂತು ಮಾತನಾಡುವುದಿಲ್ಲ. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಕೋಳಿ, ಕೋಡಗ ಇಂಥ ಮನೆಯ ಬೀದಿಯ ವಸ್ತುಗಳೇ ಅಲ್ಲಿ ಗುರುಗಳು. ಸಕಲೇಶಪುರ, ಆಲೂರು ಸೀಮೆಯಲ್ಲಿರುವ ನಮಗೆ ಮಾಳಿಗೆ ಸೋರುವ ಪದವನ್ನು ಯಾರೂ ವಿವರಿಸಬೇಕಾಗಿಲ್ಲ. ಆರಿದ್ರೆಯಿಂದ ಆಶ್ಲೇಷದವರೆಗೆ ಹೆಂಚಿನ ಸಂದಿನಿಂದ ಹನಿ ಬಿದ್ದಲ್ಲೆಲ್ಲ ಪಾತ್ರೆಯಿಟ್ಟು ಮಲಗುವವರು ನಾವು. ದೇಹವೆಂಬ ಮನೆ ಸೋರುತ್ತಿದೆ ಎಂದರೆ ಅದು ನಮಗೆ ಕೂಡಲೇ ಅರ್ಥವಾಗುತ್ತದೆ. ಕಂಡದ್ದನ್ನು ಹಿಡಿದು ಕಾಣದ್ದನ್ನು ಹೇಳುವ ಈ ಬಗೆಯಿಂದಲೇ ಶರೀಫರ ಮಾತು ಹಳತಾಗಲಿಲ್ಲ.

ಹೀಗೆ ಒಬ್ಬನಲ್ಲೇ ಇದ್ದ ಹಾಡು ಮೂವರಿಗೆ ಹಂಚಿಹೋದದ್ದು ಹೇಗೆ? ಅಚ್ಚಿನ ಯಂತ್ರ ಬಂದ ಮೇಲೆ ಕವಿ ಕಣ್ಣಿಗಾಗಿ ಬರೆಯತೊಡಗಿದ. ನವೋದಯ ಕಾಲದ ಭಾವಗೀತೆ ಹೊತ್ತಗೆಯಲ್ಲಿ ಹುಟ್ಟಿತು. ಅದಕ್ಕೆ ಕಂಠ ಬೇಕಾಯಿತು. ಆ ಕಂಠವಾಗಿ ಬಂದವರಲ್ಲಿ ಅಗ್ರಗಣ್ಯರು ಪಿ. ಕಾಳಿಂಗರಾಯರು (1914–1981). ಬೇಂದ್ರೆ, ಕುವೆಂಪು, ರಾಜರತ್ನಂ ಮೊದಲಾದವರ ಕವಿತೆಗಳನ್ನು ಅವರು ಹಾಡಿದ ಮೇಲೆ, ಪುಸ್ತಕ ಮುಟ್ಟದವರ ಮನೆಗೂ ಕವಿತೆ ಹೋಯಿತು. ಇದಕ್ಕೆ ಬಾನುಲಿಯ ಬೆಂಬಲವೂ ದೊರೆಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದಿಂದ ಮುಂದೆ ದೇಶಕ್ಕೆಲ್ಲ ಹಬ್ಬಿತು. 1950ರಲ್ಲಿ ಧಾರವಾಡ ನಿಲಯವೂ 1955ರಲ್ಲಿ ಬೆಂಗಳೂರು ನಿಲಯವೂ ತೊಡಗಿದವು. ಕೇಂದ್ರ ವಾರ್ತಾ ಸಚಿವರಾದ ಬಿ. ವಿ. ಕೇಸ್ಕರರು 1952ರ ಸುಮಾರಿಗೆ ಬಾನುಲಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದಾಗ ಕೇಳುಗರು ರೇಡಿಯೋ ಸಿಲೋನಿನತ್ತ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬಂದದ್ದು ಅವರನ್ನು ಮರಳಿ ಕರೆತರುವುದಕ್ಕೆ. ಆ ಕಟ್ಟುಪಾಡು ಬಿಗಿಯಾಯಿತೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಅದೇ ಸಮಯದಲ್ಲಿ ನಿಲಯಗಳಲ್ಲಿ ಸುಗಮ ಸಂಗೀತಕ್ಕೆಂದು ವಿಭಾಗಗಳು ಏರ್ಪಟ್ಟು, ಕವಿಯ ಮಾತನ್ನು ಮುಂದಿಟ್ಟುಕೊಂಡು ಅದಕ್ಕೆ ತಕ್ಕ ರಾಗ ಹುಡುಕುವ ಕೆಲಸ ನಡೆಯಿತು. ಮಾತು ಮೊದಲು, ಮಟ್ಟು ಆಮೇಲೆ. ಉದ್ಘೋಷಕರು ಹೇಳುವ ಮೂರು ಹೆಸರುಗಳಲ್ಲಿ ರಚನೆಯ ಹೆಸರು ಮೊದಲು ಬರುವುದು ಈ ಮರ್ಯಾದೆಗೆ ಒಪ್ಪುವ ಕ್ರಮ.

ಸಿನಿಮಾದಲ್ಲಿ ಈ ಕ್ರಮ ಬಹುಮಟ್ಟಿಗೆ ತಲೆಕೆಳಗಾಯಿತು. ಅಲ್ಲಿ ಸನ್ನಿವೇಶಕ್ಕೆ ಮಟ್ಟು ಮೊದಲು ಸಿದ್ಧವಾಗುತ್ತದೆ. ಅದರ ಅಳತೆಗೆ ಮಾತನ್ನು ಕತ್ತರಿಸಿ ಹೊಲಿಯುತ್ತಾರೆ. ಶಾರ್ಙ್ಗದೇವನ ಕುಟ್ಟಿಕಾರ ಇಲ್ಲಿ ಸಂಬಳಕ್ಕೆ ಸೇರಿದ ಎನ್ನಬಹುದು. ಇದನ್ನು ನಿಂದೆಯೆಂದು ತಿಳಿಯಬಾರದು. ಅಳತೆಗೆ ಹೊಲಿದ ಅಂಗಿಯಲ್ಲೂ ಅಂದದ ಕಸೂತಿ ಹಾಕಿದ ಗೀತಕಾರರು ನಮ್ಮಲ್ಲಿ ಅನೇಕರು ಆಗಿಹೋಗಿದ್ದಾರೆ. ಚಿತ್ರರಂಗದ ಒಳಗಿದ್ದೇ ಮಾತು, ಮಟ್ಟು ಎರಡನ್ನೂ ಕೈಯಲ್ಲಿ ಹಿಡಿದವರೂ ಉಂಟು. 1987ರ ‘ಪ್ರೇಮಲೋಕ’ದಿಂದ ಮನೆಮಾತಾದ ಹಂಸಲೇಖರು ಸಾಹಿತ್ಯವನ್ನೂ ತಾವೇ ಬರೆದು ಸಂಗೀತವನ್ನೂ ತಾವೇ ಕಟ್ಟಿದರು. ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ಗೆ ತಾವೇ ಬರೆದು ಮಟ್ಟು ಹಾಕಿದ ಹಾಡನ್ನು ಹಾಡಿ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಪಡೆದರು. ಆದರೂ ಇವರೆಲ್ಲರ ಹಾಡು ಜನಕ್ಕೆ ತಲುಪಬೇಕಾದರೆ ಒಂದು ಚಿತ್ರ ಬೇಕು, ಒಬ್ಬ ನಿರ್ಮಾಪಕ ಬೇಕು, ತೆರೆಯ ಮೇಲೆ ತುಟಿಯಾಡಿಸುವ ಒಬ್ಬ ನಾಯಕ ಬೇಕು.

ನಾಯಕನಿಲ್ಲದ ಹಾಡಿಗೆ ದಾರಿ ಮಾಡಿಕೊಟ್ಟದ್ದು ಕ್ಯಾಸೆಟ್ಟು. ಗ್ರಾಮಫೋನ್ ತಟ್ಟೆಯನ್ನು ಒತ್ತಿಸುವುದಕ್ಕೆ ದೊಡ್ಡ ಕಾರ್ಖಾನೆ ಬೇಕಿತ್ತು. ಕ್ಯಾಸೆಟ್ಟನ್ನು ಸಣ್ಣ ಬಂಡವಾಳದಲ್ಲಿ ತೆಗೆಯಬಹುದಾಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದು. ಸಿ. ಅಶ್ವತ್ಥರು (1939–2009) ಭಾವಗೀತೆಯನ್ನು ಕೋಣೆಯಿಂದ ಮೈದಾನಕ್ಕೆ ತಂದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟು, ಶರೀಫರ ಪದಗಳನ್ನು ಹೊಸ ತಲೆಮಾರಿನ ಕಿವಿಯಲ್ಲಿ ನಿಲ್ಲಿಸಿದವರೂ ಅವರೇ. ಇಷ್ಟಾದರೂ ಕವಿ ಒಬ್ಬ, ಗಾಯಕ ಇನ್ನೊಬ್ಬ ಎಂಬ ಏರ್ಪಾಡು ಬದಲಾಗಲಿಲ್ಲ. ಅದೇ ವೇಳೆ, ನಮ್ಮ ಊರುಗಳಲ್ಲಿ ಹಾಡುವ ಆಸೆಯಿದ್ದ ಹುಡುಗನಿಗೆ ಇದ್ದ ದಾರಿ ಎಂದರೆ ಆರ್ಕೆಸ್ಟ್ರಾ. ಗಣೇಶನ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಸಿನಿಮಾದ ಹಾಡನ್ನು ಮೂಲ ಗಾಯಕರ ದನಿಯಲ್ಲೇ ಹಾಡಿದರೆ ಚಪ್ಪಾಳೆ. ತನ್ನದೇ ಹಾಡನ್ನು ಹಾಡುತ್ತೇನೆಂದರೆ ಕುರ್ಚಿಗಳು ಖಾಲಿ.

ಈಗ ಹೊರದೇಶದ ಸಂಗತಿಯೊಂದನ್ನು ನೋಡಿ ಮುಂದುವರಿಯೋಣ. ಅಮೆರಿಕದ ಬಾಬ್ ಡಿಲನ್ 1962ರಲ್ಲಿ ತನ್ನ ಮೊದಲ ತಟ್ಟೆಯನ್ನು ಹೊರತಂದಾಗ ಆತನಿಗೆ ಇಪ್ಪತ್ತು ವರ್ಷ. ಅದರಲ್ಲಿದ್ದ 13 ಹಾಡುಗಳಲ್ಲಿ ಆತನ ಸ್ವಂತದವು ಎರಡೇ; ಉಳಿದವು ಹಿರಿಯರ ಹಾಡುಗಳು. ಮರುವರ್ಷ ಬಂದ ಎರಡನೆಯ ತಟ್ಟೆಯಲ್ಲಿ ಈ ಲೆಕ್ಕ ತಿರುಗುಮುರುಗಾಗಿ, ಹೆಚ್ಚಿನವು ಆತನವೇ ಆದವು. 2016ರಲ್ಲಿ ಆತನಿಗೆ ಸಾಹಿತ್ಯದ ನೊಬೆಲ್ ಬಹುಮಾನ ಬಂದಿತು, ಸಂಗೀತಕ್ಕಲ್ಲ, ಮಾತಿಗೆ. ಹಿರಿಯರ ಪದವನ್ನು ಹಾಡುತ್ತ ಮಾತಿನ ಹದವನ್ನು ಕಲಿತು, ಆಮೇಲೆ ತನ್ನ ಮಾತಿಗೆ ತೊಡಗುವುದು ವಾಗ್ಗೇಯಕಾರನ ಸಹಜವಾದ ಬೆಳವಣಿಗೆ ಎಂಬುದು ಇದರಿಂದ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ 1970ರ ದಶಕದ ಕೊನೆಗೆ ತರುಣರ ಕೆಲವು ತಂಡಗಳು ದೊಡ್ಡ ಸಂಸ್ಥೆಗಳನ್ನು ಕಾಯದೆ ತಾವೇ ಹಣ ಹಾಕಿ ತಟ್ಟೆ ಒತ್ತಿಸಿದವು. ‘ಇಂಡಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಂಥವರಿಂದ.

ಸ್ವತಂತ್ರನೆಂದರೆ ಯಾವುದರಿಂದ ಸ್ವತಂತ್ರ ಎಂಬ ಪ್ರಶ್ನೆಗೆ ನಮ್ಮ ಕಾನೂನಿನಲ್ಲೇ ಉತ್ತರವಿದೆ. 1957ರ ಕೃತಿಸ್ವಾಮ್ಯ ಕಾಯಿದೆ ಒಂದು ಹಾಡಿನಲ್ಲಿ ಮೂರು ಸ್ವತ್ತುಗಳನ್ನು ಕಾಣುತ್ತದೆ: ಸಾಹಿತ್ಯ ಕೃತಿ, ಸಂಗೀತ ಕೃತಿ, ಧ್ವನಿಮುದ್ರಣ. ಮಾತು, ಧಾತು ಎಂದು ಶಾರ್ಙ್ಗದೇವನು ಮಾಡಿದ ವಿಂಗಡಣೆಗೆ ಯಂತ್ರಯುಗವು ಮೂರನೆಯದೊಂದನ್ನು ಸೇರಿಸಿತು, ಅಷ್ಟೆ. ಚಿತ್ರಗೀತೆಯಲ್ಲಿ ಈ ಮೂರೂ ಸಾಮಾನ್ಯವಾಗಿ ನಿರ್ಮಾಪಕನ ಮೂಲಕ ಕಂಪನಿಯ ಪಾಲಾಗುತ್ತಿದ್ದವು. ಹಾಡು ಎಷ್ಟು ವರ್ಷ ಮೊಳಗಿದರೂ ಬರೆದವನಿಗೆ ಅಂದು ಕೊಟ್ಟದ್ದೇ ಕೊನೆಯ ಕಾಸು ಎಂಬ ದುಃಸ್ಥಿತಿಯಿತ್ತು. 2012ರ ತಿದ್ದುಪಡಿಯು ಬರೆದವರಿಗೂ ಸಂಗೀತ ಕಟ್ಟಿದವರಿಗೂ ಗೌರವಧನದ ಪಾಲನ್ನು ತಪ್ಪಿಸಲಾಗದಂತೆ ಮಾಡಿತು. ಸ್ವತಂತ್ರ ಗಾಯಕನು ಈ ಮೂರು ಸ್ವತ್ತುಗಳನ್ನೂ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಲಾಭ ಬಂದರೆ ತನ್ನದು. ನಷ್ಟ ಬಂದರೂ ತನ್ನದೇ.

ಈ ಹಿನ್ನೆಲೆಯಲ್ಲಿ ರಘು ದೀಕ್ಷಿತರ ಕಥೆಯನ್ನು ನೋಡಬೇಕು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ, ಅದರಲ್ಲಿ ವಿದ್ವತ್ತು. ಗಿಟಾರಿಗೆ ಗುರುವಿಲ್ಲ. ಗಂಡಸಿಗೆ ನೃತ್ಯವೇ ಎಂದು ಅಣಕಿಸಿದ ಸಹಪಾಠಿಯೊಡನೆ ಪಂತ ಕಟ್ಟಿ ಗಿಟಾರನ್ನು ಕಲಿತೆನೆಂದು ಅವರೇ ಹೇಳಿಕೊಂಡಿದ್ದಾರೆ. 1990ರ ದಶಕದ ಕೊನೆಯಲ್ಲಿ, ಪಿಟೀಲು ವಿದ್ವಾಂಸರಾದ ಎಚ್. ಎನ್. ಭಾಸ್ಕರರೊಡನೆ ಸೇರಿ ‘ಅಂತರಾಗ್ನಿ’ ಎಂಬ ತಂಡವನ್ನು ಕಟ್ಟಿದರು. ಔಷಧವಿಜ್ಞಾನದ ಉದ್ಯೋಗವನ್ನು ಬಿಟ್ಟು ಹಾಡನ್ನೇ ಜೀವನೋಪಾಯ ಮಾಡಿಕೊಂಡರು. ಕಂಪನಿಗಳ ಬಾಗಿಲುಗಳನ್ನು ತಟ್ಟಿದರು, ಯಾವುದೂ ತೆರೆಯಲಿಲ್ಲ. ತಂಡ ಚದುರಿತು, ಮತ್ತೆ ಕಟ್ಟಿದರು. ಕೊನೆಗೆ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಇವರ ಹಾಡನ್ನು ಕೇಳಿ ಮೆಚ್ಚಿ, ತಮ್ಮ ಸಣ್ಣ ಸಂಸ್ಥೆಯಿಂದ 2008ರಲ್ಲಿ ಮೊದಲ ಸಂಗ್ರಹವನ್ನು ಹೊರಡಿಸಿದರು. ಅದರ ಹೆಸರೂ ‘ಅಂತರಾಗ್ನಿ’. ಪಂತದ ಗಿಟಾರಿನಿಂದ ಈ ಸಂಗ್ರಹದವರೆಗೆ ಹತ್ತು ವರ್ಷಕ್ಕೂ ಮೇಲ್ಪಟ್ಟ ಕಾಲ ಹಿಡಿಯಿತು. ಒಂದು ರಾತ್ರಿಯಲ್ಲಿ ಹೆಸರಾದವರು ಎಂದು ನಾವು ಸಲೀಸಾಗಿ ಅನ್ನುವಾಗ ಈ ವರ್ಷಗಳ ಲೆಕ್ಕವನ್ನು ಬಿಟ್ಟುಬಿಡುತ್ತೇವೆ.

2010ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಪ್ರಸಿದ್ಧ ಸಂಗೀತ ಕಾರ್ಯಕ್ರಮಕ್ಕೆ ಇವರಿಗೆ ಕರೆ ಬಂದಿತು. ಅದು ಪ್ರಸಾರವಾದ ಮೇಲೆ ಬ್ರಿಟನ್ನಿನಲ್ಲಿ ಇವರ ಸಂಗ್ರಹ ವಿಶ್ವಸಂಗೀತದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ಇವರಿಗೆ ಶ್ರೇಷ್ಠ ಹೊಸ ಕಲಾವಿದರೆಂಬ ಪ್ರಶಸ್ತಿ ಕೊಟ್ಟಿತು. ಅದೇ ವರ್ಷ ಗ್ಲಾಸ್ಟನ್‌ಬರಿಯ ದೊಡ್ಡ ಸಂಗೀತೋತ್ಸವದಲ್ಲೂ ಹಾಡಿದರು. ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುವುದು ಇವರ ರೂಢಿ. ಭರತನಾಟ್ಯದ ಗೆಜ್ಜೆ ಅದು. ಆದರೆ ಗೆಜ್ಜೆ ಕಟ್ಟಿ ಬೀದಿಯಲ್ಲಿ ಹಾಡಿದ ದಾಸರನ್ನು ಬಲ್ಲ ಕನ್ನಡಿಗರಿಗೆ ಅದು ಹೊಸ ನೋಟವೆನಿಸದು.

ಈ ಯಶಸ್ಸಿನಲ್ಲಿ ಕನ್ನಡದ ಪಾಲು ಯಾವುದು? ಮೊದಲ ಸಂಗ್ರಹದ ಎಂಟು ಹಾಡುಗಳಲ್ಲಿ ಹಿಂದಿಯವೂ ಇಂಗ್ಲಿಷಿನದೂ ಇವೆ. ಕನ್ನಡದವು ಎರಡು, ಎರಡೂ ಶಿಶುನಾಳ ಶರೀಫರವು: ಗುಡುಗುಡಿಯ ಪದ ಮತ್ತು ಮಾಳಿಗೆ ಸೋರುವ ಪದ. 2013ರ ಎರಡನೆಯ ಸಂಗ್ರಹವಾದ ‘ಜಗ್ ಚಂಗಾ’ದಲ್ಲೂ ಶರೀಫರ ಪದಗಳಿವೆ. ಶಾಲೆಯ ಮಾಸ್ತರಾಗಿದ್ದ ಶರೀಫರು ಕಟ್ಟಿದ ಮಾತು, ಅವರು ತೀರಿಕೊಂಡು ನೂರಿಪ್ಪತ್ತು ವರ್ಷಗಳಾದ ಮೇಲೆ ಗಿಟಾರಿನ ಮೇಲೆ ಕುಳಿತು ಕಡಲು ದಾಟಿತು. ಕನ್ನಡ ತಿಳಿಯದ ಜನ ಕುಣಿದರು. ಧಾತು ಬದಲಾದರೂ ಮಾತು ಬಾಳುತ್ತದೆ ಎಂದು ದಾಸರ ಪದಗಳ ವಿಷಯದಲ್ಲಿ ಹೇಳಿದ ಮಾತು ಇಲ್ಲಿಯೂ ನಿಜವಾಯಿತು.

ಇಲ್ಲಿ ಒಂದು ಸಂದೇಹ ಏಳಬಹುದು. ಮಾತು ಶರೀಫರದಾದರೆ ಇವರನ್ನು ವಾಗ್ಗೇಯಕಾರರೆನ್ನುವುದು ಹೇಗೆ? ಡಿಲನ್ನನ ಮೊದಲ ತಟ್ಟೆಯನ್ನು ನೆನೆದರೆ ಇದಕ್ಕೆ ಸಮಾಧಾನ ದೊರೆಯುತ್ತದೆ. ಹಿರಿಯರ ಮಾತಿನಿಂದ ತೊಡಗುವುದು ಕೊರತೆಯಲ್ಲ. ಆದರೆ ಆ ಮಾತಿನ ಸರಿಸಮಕ್ಕೆ ನಿಲ್ಲುವ ಹೊಸ ಕನ್ನಡ ಮಾತು ಅನಂತರ ಹುಟ್ಟಿತೇ ಎಂಬುದೇ ಮುಖ್ಯವಾದ ಪ್ರಶ್ನೆ. ಇದನ್ನು ಒಬ್ಬ ರಘು ದೀಕ್ಷಿತರಿಗಷ್ಟೇ ಕೇಳಿದರೆ ಅನ್ಯಾಯ. ಅವರು ದಾರಿ ಕಡಿದವರು. ಅವರ ಹಿಂದೆಯೂ ಜೊತೆಯಲ್ಲೂ ಬಂದ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಆ ಎಲ್ಲರ ಸಂಖ್ಯೆ ಈಗ ದೊಡ್ಡದು. ವಾಸು ದೀಕ್ಷಿತರ ‘ಸ್ವರಾತ್ಮ’ ತಂಡ ಎದ್ದು ಬಂದಿತು. ಸಂಜಿತ್ ಹೆಗ್ಡೆಯವರು ದೂರದರ್ಶನ ವಾಹಿನಿಯ ಸ್ಪರ್ಧೆಯಿಂದ ಸಿನಿಮಾಕ್ಕೂ, ಅಲ್ಲಿಂದ ಸ್ವಂತ ಹಾಡುಗಳಿಗೂ ಬಂದರು. ನಮ್ಮ ಹಾಸನ ಜಿಲ್ಲೆಯವರೇ ಆದ ಚಂದನ್ ಶೆಟ್ಟಿಯವರು ಚಿತ್ರಸಂಗೀತದಲ್ಲಿ ಸಹಾಯಕರಾಗಿ ದುಡಿದು, ತಾವೇ ಬರೆದು ತಾವೇ ಹಾಡಿದ ರ‍್ಯಾಪ್ ಹಾಡುಗಳಿಂದ ಹೆಸರಾದರು. ತಾಳಕ್ಕೆ ಮಾತನ್ನು ಬಡಿದಂತೆ ಆಡುವ ಶೈಲಿ ಅದು. ನಮ್ಮ ಲಾವಣಿಯ ಸವಾಲು ಜವಾಬನ್ನು ಕೇಳಿದವರಿಗೆ ಪೂರ್ತಿ ಅಪರಿಚಿತವಲ್ಲ. ಅವರ ಬಹು ಪ್ರಸಿದ್ಧವಾದ ಹಾಡು ಕುಡಿತದ ಪೆಗ್ಗುಗಳನ್ನು ಎಣಿಸುವಂಥದು. ಅದನ್ನು ತರಗತಿಯಲ್ಲಿ ಕಂಠಪಾಠ ಮಾಡಿಸುವ ಧೈರ್ಯ ನನಗಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಆಡುವ ಕನ್ನಡವನ್ನು ತಾಳಕ್ಕೆ ಕೂಡಿಸುವುದರಲ್ಲಿ ಅವರಿಗಿರುವ ಪಳಗಿದ ಕೈಯನ್ನು ಒಪ್ಪದಿರುವುದು ಮತ್ಸರವಾದೀತು.

ಇವರಿಗೆಲ್ಲ ಒದಗಿದ ಸೌಕರ್ಯಗಳು ಹಿಂದಿನವರಿಗೆ ಕನಸಿನಲ್ಲೂ ಇರಲಿಲ್ಲ. ಬಾನುಲಿಯಲ್ಲಿ ಹಾಡಬೇಕಾದರೆ ಧ್ವನಿಪರೀಕ್ಷೆ; ಅದರಲ್ಲಿ ತೇರ್ಗಡೆಯಾದರೆ ಬಿ ಶ್ರೇಣಿ, ಆಮೇಲೆ ಬಿ ಹೈ, ಎ, ಕೊನೆಗೆ ಟಾಪ್. ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಅಂತರಜಾಲದಲ್ಲಿ ಪರೀಕ್ಷಕರಿಲ್ಲ. 2005ರಲ್ಲಿ ಯೂಟ್ಯೂಬ್ ಬಂದಿತು. 2016ರ ಅನಂತರ ಮೊಬೈಲಿನ ಡೇಟಾ ನಮ್ಮ ದೇಶದಲ್ಲಿ ಅಗ್ಗವಾಯಿತು. ಇಂದು ಆನೇಮಹಲ್‌ನಲ್ಲಿರುವ ಒಬ್ಬ ಹುಡುಗಿ ತನ್ನ ಕೋಣೆಯಲ್ಲಿ ಹಾಡಿದ್ದನ್ನು ಅದೇ ಸಂಜೆ ದುಬೈಯಲ್ಲಿರುವ ಕನ್ನಡಿಗರು ಕೇಳಬಹುದು. ಸಕಲೇಶಪುರದಿಂದ ಬಸ್ಸು ಹತ್ತಿ ಬೆಂಗಳೂರಿನ ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಇದು ನಿಜವಾದ ಬಿಡುಗಡೆ. ಆದರೆ ಪರೀಕ್ಷಕನಿಲ್ಲದ ಕಡೆ ತಿದ್ದುವವನೂ ಇಲ್ಲ. ‘ಈ ಶಬ್ದ ಇಲ್ಲಿ ಒಪ್ಪದು, ಈ ಪ್ರಾಸ ಹಳಸಲು, ಈ ಅಕ್ಷರವನ್ನು ಎಳೆದರೆ ಅರ್ಥ ಕೆಡುತ್ತದೆ’ ಎಂದು ಹೇಳುವ ಒಬ್ಬ ಹಿರಿಯ ನಿಲಯದಲ್ಲಿ ಇರುತ್ತಿದ್ದ. ಅಂತರಜಾಲದಲ್ಲಿ ಮೆಚ್ಚಿಗೆಯ ಎಣಿಕೆ ಸಿಗುತ್ತದೆ, ತಿದ್ದುಪಡಿ ಸಿಗುವುದಿಲ್ಲ. ಹಣದ ವಿಷಯವೂ ಹಾಗೆಯೇ. ಒಬ್ಬ ಕೇಳುಗ ಒಂದು ಸಲ ಕೇಳಿದರೆ ಗಾಯಕನಿಗೆ ಬರುವುದು ಪೈಸೆಗಳ ಲೆಕ್ಕ. ಹೊಟ್ಟೆ ತುಂಬಬೇಕಾದರೆ ಊರೂರಿಗೆ ಹೋಗಿ ವೇದಿಕೆಯ ಮೇಲೆ ನಿಂತು ಹಾಡಲೇಬೇಕು.

ಹೀಗೆ ಲೆಕ್ಕ ಹಾಕಿ ನೋಡಿದರೆ ಹೊಸ ಗಾಯಕನಿಗೆ ಧಾತುವಿನ ದಾರಿದ್ರ್ಯವಿಲ್ಲ. ಜಗತ್ತಿನ ಸಂಗೀತವೆಲ್ಲ ಅಂಗೈಯಲ್ಲಿದೆ; ವಾದ್ಯದ ನಾದವನ್ನು ಗಣಕಯಂತ್ರವೇ ಹೊರಡಿಸುತ್ತದೆ. ಧ್ವನಿಮುದ್ರಣಕ್ಕೂ ಕೊರತೆಯಿಲ್ಲ. ಕಡಮೆ ಬಿದ್ದಿರುವುದು ಮಾತು. ಈಚಿನ ಹಾಡುಗಳಲ್ಲಿ ಹಲವನ್ನು ಕೇಳಿ ನೋಡಿ: ಮನಸು ಎಂದರೆ ಕನಸು, ಒಲವು ಎಂದರೆ ಗೆಲುವು, ಮಧ್ಯೆ ಒಂದಿಷ್ಟು ಇಂಗ್ಲಿಷು. ಶಾರ್ಙ್ಗದೇವನ ಅಳತೆಗೋಲು ಹಿಡಿದರೆ ನಾವು ಮಧ್ಯಮ ವಾಗ್ಗೇಯಕಾರರ ಕಾಲದಲ್ಲಿದ್ದೇವೆ. ಸೋರುವ ಮಾಳಿಗೆಯನ್ನು ಕಂಡು ಪದ ಕಟ್ಟಿದ ಮನುಷ್ಯನ ನಾಡಿನಲ್ಲಿ, ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಹುಡುಗನಿಗೆ ಮಳೆಯ ಮೇಲೆ ಹಾಡು ಬರೆಯಲು ಸಿನಿಮಾದಲ್ಲಿ ಕೇಳಿದ ಶಬ್ದಗಳೇ ನೆನಪಾಗುವುದಾದರೆ, ತಪ್ಪು ಹುಡುಗನದಲ್ಲ. ಮನೆಯ ಶಬ್ದಗಳನ್ನು ಅವನ ಕೈಗೆ ನಾವು ಕೊಟ್ಟಿಲ್ಲ.

ಆ ಶಬ್ದಗಳು ಇಲ್ಲಿ ಇಲ್ಲವೇ? ಸೋನೆ ಬೇರೆ, ಜಡಿಮಳೆ ಬೇರೆ, ಹನಿಮಳೆ ಬೇರೆ ಎಂದು ನಮ್ಮ ಹಿರಿಯರಿಗೆ ಗೊತ್ತು. ಸುಗ್ಗಿಯ ಕುಣಿತದ ಪದಗಳು, ಸೋಬಾನೆ, ನಾಟಿಯ ಹಾಡು ಈ ಬೆಟ್ಟಗಳಲ್ಲಿ ಹಾಡಿಕೊಂಡು ಬಂದವು. ಇವುಗಳ ಬೆಲೆಯನ್ನು ಕಂಡುಕೊಂಡ ದೊಡ್ಡ ಮನುಷ್ಯರೊಬ್ಬರು ಸಕಲೇಶಪುರದವರೇ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ‘ಜಾನಪದ ಜಂಗಮ’ರೆಂದು ನಾಡು ಕರೆದ ಎಸ್. ಕೆ. ಕರೀಂಖಾನರು ಹಳ್ಳಿ ಹಳ್ಳಿ ತಿರುಗಿ ಜನಪದ ಗೀತೆಗಳನ್ನು ಕೂಡಿಹಾಕಿದರು, ತಾವೇ ಹಾಡಿ ಜನಕ್ಕೆ ಕೇಳಿಸಿದರು, ಚಿತ್ರಗೀತೆಗಳನ್ನೂ ಬರೆದರು. 2006ರಲ್ಲಿ ಅವರು ತೀರಿಕೊಂಡರು. ಶರೀಫರಂತೆ ಇವರೂ ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಕನ್ನಡದ ಪದವನ್ನು ತಲೆಯ ಮೇಲೆ ಹೊತ್ತವರು. ಹಾಡಿನ ಮಾತಿಗೆ ಜಾತಿಯೂ ಇಲ್ಲ, ಪರವೂರಿನ ಹಂಗೂ ಇಲ್ಲ ಎಂಬುದಕ್ಕೆ ಇವರಿಬ್ಬರೇ ಸಾಕು.

ಕೊನೆಯದಾಗಿ ಬಾನುಲಿಯನ್ನು ಇಟ್ಟುಕೊಂಡಿರುವ ಮನೆಯವರಲ್ಲಿ ಎರಡು ಮಾತು. ನಿಮ್ಮ ಮಗನೋ ಮಗಳೋ ಗಿಟಾರು ಹಿಡಿದು ತನ್ನದೇ ಹಾಡು ಕಟ್ಟುತ್ತಿದ್ದರೆ ನಿಮಗೆ ಕಳವಳವಾಗುವುದು ಸಹಜ. ಹೊಟ್ಟೆಪಾಡಿನ ಪ್ರಶ್ನೆ ಸಣ್ಣದಲ್ಲ. ಚಿನ್ನದ ಪದಕ ಪಡೆದು ಉದ್ಯೋಗ ಹಿಡಿದಿದ್ದವರೇ ಮೊದಲ ಸಂಗ್ರಹಕ್ಕೆ ಹತ್ತು ವರ್ಷ ಕಾದರು ಎಂಬುದನ್ನು ಮಕ್ಕಳಿಗೆ ತಿಳಿಯ ಹೇಳಿ, ಓದನ್ನು ಬಿಡದಿರಲಿ. ಆದರೆ ಗಿಟಾರನ್ನು ಕಿತ್ತಿಡಬೇಡಿ. ಅದರ ಬದಲು ಹಾಡಿನ ಮಾತನ್ನು ಓದಿ ಹೇಳೆಂದು ಕೇಳಿ. ಸಂಗೀತವಿಲ್ಲದೆ ಬರಿಯ ಮಾತನ್ನು ಓದಿದಾಗ ನಿಂತರೆ ಅದು ನಿಲ್ಲುವ ಹಾಡು. ಬಿದ್ದರೆ, ಎಲ್ಲಿ ಬಿತ್ತೆಂದು ಮೆಲ್ಲಗೆ ತೋರಿಸಿ. ತಿದ್ದುವ ಹಿರಿಯನ ಸ್ಥಾನ ಅಂತರಜಾಲದಲ್ಲಿ ಖಾಲಿಯಿದೆ. ಮನೆಯಲ್ಲಿ ಅದು ಖಾಲಿಯಿರಬೇಕಾಗಿಲ್ಲ.

ಎರಡನೆಯದು, ಮನೆಯಲ್ಲಿ ಅಜ್ಜಿಯಿದ್ದರೆ ಈ ಮಳೆಗಾಲದಲ್ಲೇ ಒಂದು ನೋಟುಪುಸ್ತಕ ಕೊಂಡು ಮಕ್ಕಳ ಕೈಗೆ ಕೊಡಿ. ಅಜ್ಜಿ ಹಾಡುವ ಒಂದು ಸೋಬಾನೆ, ಒಂದು ಸುಗ್ಗಿಯ ಪದ, ಅರ್ಥ ತಿಳಿಯದ ನಾಲ್ಕು ಶಬ್ದ, ಅವುಗಳ ಮುಂದೆ ಅಜ್ಜಿ ಹೇಳಿದ ಅರ್ಥ, ಇಷ್ಟನ್ನು ಬರೆದಿಡಲಿ. ಮಟ್ಟನ್ನು ಮೊಬೈಲಿನಲ್ಲಿ ಹಿಡಿದಿಡುವುದೂ ಸುಲಭ. ಮುಂದೆ ಆ ಮಗು ಹಾಡುಗಾರನಾದರೆ ಅದು ಅವನ ಬಂಡವಾಳ. ಆಗದಿದ್ದರೆ ಅಜ್ಜಿಯ ಹಾಡು ಉಳಿಯಿತಲ್ಲ, ಅದೇನು ಸಣ್ಣ ಲಾಭವೇ?